ಮುದಿ ನಾಯಿ, ಮುದಿ ಬೆಕ್ಕು: ‘ವಯಸ್ಸಾಯ್ತಲ್ಲ’ ಅಂತ ಸುಮ್ಮನಾಗುವ ಮೊದಲು

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಅಲ್ಯುಮಿನಿಯಂ ಬೋಗುಣಿ ಇತ್ತು. ಅದು ಲಚ್ಚಿಯ ನೀರಿನ ಬೋಗುಣಿ. ಲಚ್ಚಿ ಬೀದಿಯಲ್ಲಿ ಹುಟ್ಟಿ ನಮ್ಮ ಮನೆ ಸೇರಿದ ನಾಯಿ. ಆಗ ಅವಳಿಗೆ 12 ವರ್ಷ. ಆ ಏಪ್ರಿಲ್‌ನಲ್ಲಿ ಬೆಳಗ್ಗೆ ತುಂಬಿಸಿದ ಬೋಗುಣಿ ಮಧ್ಯಾಹ್ನಕ್ಕೆಲ್ಲ ತಳ ಕಾಣುತ್ತಿತ್ತು. “ಏನು ಸೆಕೆ ಅಲ್ವಾ, ಪಾಪ ಅದಕ್ಕೂ ಬಾಯಾರುತ್ತೆ” ಅಂದರು ಅಮ್ಮ. ನಾನೂ ಹೌದು ಅಂದುಕೊಂಡೆ. ಮೇ ತಿಂಗಳಲ್ಲಿ ರಾತ್ರಿ ಹೊತ್ತು ನಡುಮನೆಯಲ್ಲಿ ಉಚ್ಚೆ ಮಾಡತೊಡಗಿದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಮನೆಯೊಳಗೆ ಮಾಡಿದವಳಲ್ಲ. “ವಯಸ್ಸಾಯ್ತಲ್ಲ, ತಡೆಯೋಕೆ ಆಗಲ್ಲ” ಅಂದೆವು. ಜೂನ್‌ನಲ್ಲಿ ಮಳೆ ಹಿಡಿಯಿತು, ಸೆಕೆ ಹೋಯಿತು. ಬೋಗುಣಿ ಮಾತ್ರ ಅಷ್ಟೇ ಬೇಗ ಖಾಲಿಯಾಗುತ್ತಿತ್ತು. ಆಗ ಅವಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ.

“ದಿನಕ್ಕೆ ಎಷ್ಟು ನೀರು ಕುಡಿಯುತ್ತೆ?” ಅಂತ ಕೇಳಿದರು.

“ತುಂಬಾ ಕುಡಿತಾಳೆ ಡಾಕ್ಟ್ರೇ.”

“ತುಂಬಾ ಅಂದ್ರೆ ಎಷ್ಟು ಲೀಟರ್?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಅಳೆದೆ. 18 ಕೆಜಿ ತೂಕದ ಲಚ್ಚಿ ದಿನಕ್ಕೆ ಎರಡು ಲೀಟರ್‌ಗಿಂತ ಜಾಸ್ತಿ ಕುಡಿಯುತ್ತಿದ್ದಳು. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಕಾಯಿಲೆ ಅಂತ ಗೊತ್ತಾಯಿತು. ಊಟ ಬದಲಾಯಿಸಿ, ಔಷಧಿ ಕೊಟ್ಟು ಇನ್ನೂ ಒಂದೂವರೆ ವರ್ಷ ಅವಳನ್ನು ನೆಮ್ಮದಿಯಾಗಿ ಇಟ್ಟುಕೊಂಡೆವು. ಆದರೆ ಏಪ್ರಿಲ್‌ನಲ್ಲೇ ಅಳೆದಿದ್ದರೆ ಅನ್ನುವುದು ಈಗಲೂ ಕಾಡುತ್ತದೆ. ಇದನ್ನು ಬರೆಯುತ್ತಿರುವುದು ಅದಕ್ಕೇ.

ವಯಸ್ಸಾದ ನಾಯಿಗೆ ಮೂತಿಯ ಕೂದಲು ಬೆಳ್ಳಗಾಗುತ್ತದೆ. ನಿದ್ದೆ ಸ್ವಲ್ಪ ಜಾಸ್ತಿಯಾಗುತ್ತದೆ, ಓಟ ಕಮ್ಮಿಯಾಗುತ್ತದೆ. ಇಷ್ಟನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಹುದು. ನೀರು ಜಾಸ್ತಿ ಕುಡಿಯುವುದು, ಸೊರಗುವುದು, ಕೆಮ್ಮುವುದು, ಮೆಟ್ಟಿಲ ಮುಂದೆ ನಿಂತು ಹಿಂದೆಮುಂದೆ ನೋಡುವುದು ಇವು ಯಾವುವೂ ಬರೀ ವಯಸ್ಸಿನಿಂದ ಬರುವುದಲ್ಲ. ಒಂದೊಂದರ ಹಿಂದೆಯೂ ಒಂದು ಕಾರಣ ಇರುತ್ತದೆ. ಆ ಕಾರಣ ಗೊತ್ತಾದರೆ ಬಹಳ ಸಲ ಏನಾದರೂ ಮಾಡಲು ಆಗುತ್ತದೆ. ಪೂರ್ತಿ ವಾಸಿಯಾಗದಿದ್ದರೂ ನೋವು ಕಮ್ಮಿ ಮಾಡಬಹುದು.

ಯಾವಾಗಿನಿಂದ ಮುದಿ ವಯಸ್ಸು ಅಂತ ಲೆಕ್ಕ? ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತರಹದ ದೊಡ್ಡ ನಾಯಿಗಳಿಗೆ 7 ವರ್ಷದ ಸುಮಾರಿಗೆ. ಗ್ರೇಟ್ ಡೇನ್ ತರಹದ ಭಾರಿ ನಾಯಿಗಳಿಗೆ ಅದಕ್ಕೂ ಮೊದಲೇ. ಪಾಮೇರಿಯನ್‌ನಂಥ ಚಿಕ್ಕ ನಾಯಿಗಳಿಗೂ ಬೆಕ್ಕುಗಳಿಗೂ 10ರ ಆಸುಪಾಸಿಗೆ. ಅಲ್ಲಿಂದ ಮುಂದೆ ಆರು ತಿಂಗಳಿಗೊಮ್ಮೆ ಡಾಕ್ಟರ್‌ಗೆ ತೋರಿಸುವುದು ಒಳ್ಳೆಯದು. ನಮ್ಮ ಒಂದು ವರ್ಷದಲ್ಲಿ ನಾಯಿಯ ಎಷ್ಟೋ ವರ್ಷದ ಸವೆತ ಆಗಿಹೋಗಿರುತ್ತದೆ.

ನೀರು ಹೇಳುವ ಕಥೆ

ನೀರಿನ ವಿಷಯವನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮುದಿ ವಯಸ್ಸಿನ ನಾಲ್ಕೈದು ದೊಡ್ಡ ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದು ಇಲ್ಲೇ.

ಕಿಡ್ನಿಯ ಒಳಗೆ ರಕ್ತ ಸೋಸುವ ಲಕ್ಷಾಂತರ ಪುಟ್ಟ ಪುಟ್ಟ ಸೋಸುಕಗಳಿವೆ. ಸೋಸಿದ ಮೇಲೆ ಬೇಕಾದ ನೀರನ್ನು ವಾಪಸ್ ದೇಹಕ್ಕೆ ಎಳೆದುಕೊಳ್ಳುವುದೂ ಅವುಗಳದೇ ಕೆಲಸ. ಕೆಲವು ಸತ್ತರೆ ಉಳಿದವು ಅವುಗಳ ಪಾಲಿನ ಕೆಲಸವನ್ನೂ ಮಾಡುತ್ತವೆ. ಹೀಗಾಗಿ ಬಹಳ ದಿನ ಹೊರಗೆ ಏನೂ ಗೊತ್ತಾಗುವುದಿಲ್ಲ. ಸುಮಾರು ಮೂರರಲ್ಲಿ ಎರಡು ಭಾಗ ಹಾಳಾದ ಮೇಲೆ ನೀರನ್ನು ವಾಪಸ್ ಎಳೆದುಕೊಳ್ಳುವ ಶಕ್ತಿ ಹೋಗುತ್ತದೆ. ಉಚ್ಚೆ ನೀರಿನ ಹಾಗೆ ತೆಳ್ಳಗೆ, ಬಣ್ಣವಿಲ್ಲದೆ, ಜಾಸ್ತಿ ಜಾಸ್ತಿ ಹೋಗತೊಡಗುತ್ತದೆ. ಹೋದ ನೀರನ್ನು ತುಂಬಿಕೊಳ್ಳಲು ಪ್ರಾಣಿ ಕುಡಿಯುತ್ತಲೇ ಇರುತ್ತದೆ.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತೇವೆ. ಜಾಸ್ತಿ ಕುಡಿಯುತ್ತದೆ, ಅದಕ್ಕೇ ಜಾಸ್ತಿ ಉಚ್ಚೆ ಮಾಡುತ್ತದೆ ಅಂದುಕೊಳ್ಳುತ್ತೇವೆ. ನಿಜ ಅದರ ತಿರುವುಮುರುವು. ಉಚ್ಚೆಯಲ್ಲಿ ನೀರು ಹೋಗಿಬಿಡುತ್ತದೆ, ಅದಕ್ಕೇ ಕುಡಿಯುತ್ತದೆ. ಮನೆಯೊಳಗೆ ಗಲೀಜಾಗುತ್ತದೆ ಅಂತ ರಾತ್ರಿ ನೀರಿನ ಬಟ್ಟಲು ಎತ್ತಿಟ್ಟರೆ ಕುಡಿಯುವುದು ನಿಲ್ಲುತ್ತದೆ, ಉಚ್ಚೆಯಲ್ಲಿ ಹೋಗುವುದು ನಿಲ್ಲುವುದಿಲ್ಲ. ಬೆಳಗ್ಗೆ ಹೊತ್ತಿಗೆ ದೇಹ ಒಣಗಿ ಕಿಡ್ನಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ. ದಯವಿಟ್ಟು ನೀರು ಮಾತ್ರ ಎತ್ತಿಡಬೇಡಿ. ಹಳೇ ಗೋಣಿಚೀಲ ಹಾಸಿ, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಹೊರಗೆ ಬಿಡಿ.

ಅಳೆಯುವುದು ಸುಲಭ. ಒಂದು ಲೀಟರ್ ಬಾಟಲಿಯಲ್ಲಿ ಅಳೆದು ಬೆಳಗ್ಗೆ ಏಳಕ್ಕೆ ಬಟ್ಟಲಿಗೆ ಹಾಕಿ. ಖಾಲಿಯಾದಾಗೆಲ್ಲ ಅಳೆದೇ ಹಾಕಿ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ಮರುದಿನ ಏಳಕ್ಕೆ ಉಳಿದದ್ದನ್ನು ಅಳೆದು ಕಳೆಯಿರಿ. ಮೂರು ದಿನ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಬಚ್ಚಲ ಬಕೆಟ್ಟು, ಹೂಕುಂಡದ ತಟ್ಟೆಯ ನೀರು ಸಿಗದ ಹಾಗೆ ನೋಡಿಕೊಳ್ಳಿ. ಆರೋಗ್ಯವಾಗಿರುವ ನಾಯಿ ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 40ರಿಂದ 60 ಮಿಲಿಲೀಟರ್ ಕುಡಿಯುತ್ತದೆ. 100 ದಾಟಿದರೆ ಅದು ಕಾಯಿಲೆಯ ಲೆಕ್ಕ. ಲಚ್ಚಿಯ ತೂಕಕ್ಕೆ ಅದು 1.8 ಲೀಟರ್. ಬೆಕ್ಕು ಇದಕ್ಕಿಂತ ಬಹಳ ಕಮ್ಮಿ ಕುಡಿಯುವ ಪ್ರಾಣಿ. 4 ಕೆಜಿ ಬೆಕ್ಕು ದಿನಕ್ಕೆ 200 ಮಿಲಿಲೀಟರ್ ಕುಡಿಯುತ್ತಿದ್ದರೆ ತಡ ಮಾಡದೆ ತೋರಿಸಬೇಕು. ಊಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊಸರನ್ನ, ಗಂಜಿ ತಿನ್ನುವ ನಾಯಿಗೆ ಊಟದಲ್ಲೇ ಅರ್ಧ ನೀರು ಸಿಕ್ಕಿರುತ್ತದೆ. ಒಣ ಪೆಡಿಗ್ರಿ ಕಾಳು ತಿನ್ನುವ ನಾಯಿ ಸಹಜವಾಗಿ ಜಾಸ್ತಿ ಕುಡಿಯುತ್ತದೆ. ನಿಮ್ಮ ಪ್ರಾಣಿ ಚೆನ್ನಾಗಿರುವಾಗಲೇ ಒಮ್ಮೆ ಅಳೆದಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಅದೇ ಅಳತೆ ಸಿಗುತ್ತದೆ.

ಡಾಕ್ಟರ್ ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ, ಅದು ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ. ಅದು ಏರುವುದು ಕಿಡ್ನಿಯ ಸುಮಾರು ನಾಲ್ಕರಲ್ಲಿ ಮೂರು ಭಾಗ ಕೆಲಸ ನಿಲ್ಲಿಸಿದ ಮೇಲೆ. ಎಸ್‌ಡಿಎಂಎ ಅನ್ನುವ ಇನ್ನೊಂದು ಪರೀಕ್ಷೆ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಬೆಳಗಿನ ಮೊದಲ ಉಚ್ಚೆ ಎಷ್ಟು ಗಟ್ಟಿ, ಎಷ್ಟು ತೆಳು ಅಂತ ನೋಡುವ ಪರೀಕ್ಷೆಯೂ ಬಹಳ ಉಪಯೋಗಕ್ಕೆ ಬರುತ್ತದೆ. ಹೋಗುವಾಗ ತೊಳೆದು ಒಣಗಿಸಿದ ಚಿಕ್ಕ ಡಬ್ಬಿಯಲ್ಲಿ ಅದನ್ನು ಹಿಡಿದುಕೊಂಡು ಹೋದರೆ ಡಾಕ್ಟರ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ನೀರು ಜಾಸ್ತಿ ಕುಡಿದ ಮಾತ್ರಕ್ಕೆ ಕಿಡ್ನಿಯೇ ಅಂತಲೂ ಅಲ್ಲ. ಚೆನ್ನಾಗಿ ತಿನ್ನುತ್ತಾ, ನೀರೂ ಕುಡಿಯುತ್ತಾ, ಆದರೂ ಸೊರಗುತ್ತಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ನಾಯಿಗೆ ಸಕ್ಕರೆ ಕಾಯಿಲೆ ಬಂದರೆ ಇನ್ಸುಲಿನ್ ಬೇಕೇ ಬೇಕು, ಮಾತ್ರೆ ಸಾಲದು. ಬಹಳಷ್ಟು ನಾಯಿಗಳಿಗೆ ವರ್ಷ, ಒಂದೂವರೆ ವರ್ಷದಲ್ಲಿ ಕಣ್ಣಿಗೆ ಪೊರೆಯೂ ಬರುತ್ತದೆ. ಹೊಟ್ಟೆ ಮಡಕೆಯ ಹಾಗೆ ಜೋತುಬಿದ್ದು, ಮೈಯ ಎರಡೂ ಪಕ್ಕ ಕೂದಲು ಉದುರಿ, ತಂಪಿನಲ್ಲೂ ಏದುಸಿರು ಬಿಡುತ್ತಾ, ಯಾವಾಗಲೂ ಹಸಿವು ಅನ್ನುವ ಹಾಗಿದ್ದರೆ ಅದು ಕುಶಿಂಗ್ ಕಾಯಿಲೆಯ ಚಿತ್ರ. ದೇಹದಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಅತಿಯಾಗಿ ತಯಾರಾಗುವುದರಿಂದ ಹೀಗಾಗುತ್ತದೆ. ‘ವಯಸ್ಸಾದರೂ ಎಷ್ಟು ಚೆನ್ನಾಗಿ ತಿನ್ನುತ್ತೆ ನೋಡಿ’ ಅಂತ ಖುಷಿಪಡುವ ಮನೆಗಳಲ್ಲಿ ಈ ಎರಡು ಕಾಯಿಲೆಗಳು ತಿಂಗಳುಗಟ್ಟಲೆ ಗೊತ್ತಾಗದೆ ಉಳಿದುಬಿಡುತ್ತವೆ.

ಇನ್ನೊಂದು ಇದೆ, ಅದಕ್ಕೆ ಕಾಯುವಷ್ಟು ಸಮಯ ಇರುವುದಿಲ್ಲ. ಮರಿಯಾಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ. ಹೆಂಗಸರಿಗೆ ಮುಟ್ಟು ನಿಲ್ಲುವ ಹಾಗೆ ನಾಯಿಗಳಿಗೆ ಬೆದೆ ನಿಂತುಹೋಗುವುದಿಲ್ಲ. 12 ವರ್ಷದ ನಾಯಿಯೂ ಬೆದೆಗೆ ಬರುತ್ತದೆ, ಹೊರಗೆ ನಮಗೆ ಅಷ್ಟಾಗಿ ಕಾಣದಿರಬಹುದು ಅಷ್ಟೇ. ಮಂಕಾಗುವುದು, ಊಟ ಬಿಡುವುದು, ವಾಂತಿ, ಜಾಸ್ತಿ ನೀರು, ಹಿಂದಿನಿಂದ ಕೆಟ್ಟ ವಾಸನೆಯ ಸ್ರಾವ ಇವು ಅದರ ಗುರುತು. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಸ್ರಾವವೇ ಕಾಣುವುದಿಲ್ಲ, ಅದು ಇನ್ನೂ ಅಪಾಯ. ಸಾಮಾನ್ಯವಾಗಿ ಆಪರೇಷನ್ ಮಾಡಿ ಗರ್ಭಕೋಶ ತೆಗೆಯಬೇಕಾಗುತ್ತದೆ. ಒಂದು ದಿನ ತಡವಾದರೂ ಜೀವಕ್ಕೆ ಕುತ್ತು. ಡಾಕ್ಟರ್‌ಗೆ ಫೋನ್ ಮಾಡುವಾಗ ಕೊನೆಯ ಬೆದೆ ಯಾವ ತಿಂಗಳು ಅಂತ ಹೇಳಲು ಮರೆಯಬೇಡಿ.

ತೂಕ ಮತ್ತು ಬಾಯಿ

ದಿನಾ ನೋಡುವ ಕಣ್ಣಿಗೆ ಸೊರಗುವುದು ಗೊತ್ತಾಗುವುದಿಲ್ಲ. ಊರಿಂದ ಬಂದ ನೆಂಟರು “ಇದೇನು ಇಷ್ಟು ಇಳಿದುಹೋಗಿದೆ?” ಅಂದಾಗಲೇ ನಮಗೆ ಎಚ್ಚರವಾಗುವುದು. ತಿಂಗಳಿಗೊಮ್ಮೆ ತೂಗಿ. ನೀವು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ಬರಿಗೈಲಿ ನಿಂತು ಕಳೆದರೆ ಸಾಕು. 4 ಕೆಜಿ ಬೆಕ್ಕು ಅರ್ಧ ಕೆಜಿ ಇಳಿದರೆ ಎಂಟರಲ್ಲಿ ಒಂದು ಪಾಲು ಹೋದ ಹಾಗೆ. 64 ಕೆಜಿಯ ಮನುಷ್ಯ 8 ಕೆಜಿ ಇಳಿದರೆ ಎಷ್ಟು ಗಾಬರಿಯಾಗುತ್ತೇವೆ ಅಂತ ಯೋಚಿಸಿ. ಮುಧೋಳ ನಾಯಿ ಸಾಕಿರುವವರು ಇನ್ನೂ ಎಚ್ಚರವಾಗಿರಬೇಕು. ಬಾಗಲಕೋಟೆ ಕಡೆಯ ಈ ಬೇಟೆನಾಯಿ ಹುಟ್ಟಿನಿಂದಲೇ ತೆಳ್ಳಗೆ. ಚೆನ್ನಾಗಿರುವಾಗಲೂ ಪಕ್ಕೆಲುಬು ಕಾಣುತ್ತಿರುತ್ತದೆ. ಅದು ಸೊರಗಿದೆಯೋ ಇಲ್ಲವೋ ಅಂತ ಬರಿಗಣ್ಣಲ್ಲಿ ಹೇಳುವುದು ಕಷ್ಟ. ತಕ್ಕಡಿಯನ್ನೇ ನಂಬಿ.

10 ದಾಟಿದ ಬೆಕ್ಕು ಮೊದಲಿಗಿಂತ ಜಾಸ್ತಿ ತಿನ್ನುತ್ತಾ, ಆದರೂ ಎಲುಬು ಬಿಟ್ಟುಕೊಂಡು, ರಾತ್ರಿಯೆಲ್ಲ ಕೂಗುತ್ತಾ ಓಡಾಡುತ್ತಿದ್ದರೆ ಥೈರಾಯ್ಡ್ ಜಾಸ್ತಿಯಾಗಿರಬಹುದು. ನಾಯಿಗೆ ಸಾಮಾನ್ಯವಾಗಿ ಇದರ ಉಲ್ಟಾ. ಥೈರಾಯ್ಡ್ ಕಮ್ಮಿಯಾಗಿ ಜಾಸ್ತಿ ತಿನ್ನದೆಯೂ ದಪ್ಪಗಾಗುತ್ತದೆ, ಬಾಲದ ಕೂದಲು ಉದುರುತ್ತದೆ, ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ಹೋಗಿ ಮಲಗುತ್ತದೆ. ಎರಡಕ್ಕೂ ಮಾತ್ರೆ ಇದೆ.

ಬಾಯಿ ವಾಸನೆಯನ್ನು ‘ನಾಯಿ ಅಂದಮೇಲೆ ವಾಸನೆ ಇದ್ದದ್ದೇ’ ಅಂತ ಬಿಡಬೇಡಿ. ತುಟಿ ಎತ್ತಿ ಹಿಂದಿನ ಹಲ್ಲು ನೋಡಿ. ಕಂದು ಬಣ್ಣದ ಗಾರೆಯ ಹಾಗೆ ಕಟ್ಟಿಕೊಂಡಿದ್ದು, ವಸಡಿನ ಅಂಚು ಕೆಂಪಗೆ ಗೆರೆ ಎಳೆದ ಹಾಗಿದ್ದರೆ ಅಲ್ಲಿ ನೋವಿದೆ. ನೋವಿದ್ದರೂ ಪ್ರಾಣಿ ತಿನ್ನುತ್ತದೆ, ಹಸಿವು ಅಂಥದ್ದು. ಆದರೆ ತಿನ್ನುವ ರೀತಿ ಬದಲಾಗುತ್ತದೆ. ಒಂದೇ ಪಕ್ಕದಲ್ಲಿ ಅಗಿಯುತ್ತದೆ, ಬಾಯಿಂದ ಕಾಳು ಉದುರುತ್ತದೆ. ಬೆಕ್ಕು ತಟ್ಟೆಯವರೆಗೆ ಓಡಿಬಂದು ಒಂದು ತುತ್ತು ಬಾಯಿಗಿಟ್ಟು ಹಿಂದೆ ಸರಿಯುತ್ತದೆ. ಕೆಲವು ನಾಯಿಗಳಿಗೆ ಕಣ್ಣಿನ ಕೆಳಗೆ ಇದ್ದಕ್ಕಿದ್ದಂತೆ ಊದಿಕೊಳ್ಳುತ್ತದೆ. ಏನೋ ಹುಳ ಕಚ್ಚಿರಬೇಕು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಮೇಲಿನ ದೊಡ್ಡ ಅಗಿಯುವ ಹಲ್ಲಿನ ಬೇರು ಕೀವುಗಟ್ಟಿ ಬಂದ ಊತ. ಆ ಹಲ್ಲಿನ ಬೇರು ಇರುವುದೇ ಕಣ್ಣಿನ ಕೆಳಗೆ. ಬಾಯಿಂದ ಉಚ್ಚೆಯ ತರಹದ ವಾಸನೆ ಬಂದರೆ ಮತ್ತೆ ಕಿಡ್ನಿಯ ಕಡೆಗೇ ಯೋಚಿಸಬೇಕು.

ಉಸಿರು ಎಣಿಸುವುದು

ನಮ್ಮ ಊರುಗಳಲ್ಲಿ ಪಾಮೇರಿಯನ್ ಇಲ್ಲದ ಬೀದಿ ಕಮ್ಮಿ. ಈ ಚಿಕ್ಕ ನಾಯಿಗಳು ಮುದಿಯಾದಾಗ ಕೆಮ್ಮು ಸಾಮಾನ್ಯ. ಕೆಮ್ಮಿನಲ್ಲೂ ಎರಡು ಬಗೆ. ಬೆಲ್ಟ್ ಎಳೆದಾಗ, ನೆಂಟರು ಬಂದ ಖುಷಿಗೆ ಕುಣಿದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮಿದರೆ ಉಸಿರುನಾಳ ಸಡಿಲವಾಗಿ ಚಪ್ಪಟೆಯಾಗುತ್ತಿದೆ ಅಂತ. ಕತ್ತಿನ ಬೆಲ್ಟ್ ಬಿಟ್ಟು ಎದೆಗೆ ಹಾಕುವ ಪಟ್ಟಿ ತಂದರೆ ಅಷ್ಟರಮಟ್ಟಿಗೆ ಹಗುರವಾಗುತ್ತದೆ. ರಾತ್ರಿ ಮಲಗಿದಾಗ ಕೆಮ್ಮಿ ಎದ್ದು ಕೂತು, ನಡೆಯುವಾಗ ಬೇಗ ಸುಸ್ತಾದರೆ ಹೃದಯದ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿರಬಹುದು. ಸೋರಿಕೆ ಜಾಸ್ತಿಯಾದಾಗ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎರಡೂ ಒಂದೇ ನಾಯಿಗೆ ಇರುವುದೂ ಉಂಟು. ಅದನ್ನು ಎಕ್ಸ್-ರೇ, ಸ್ಕ್ಯಾನ್ ಮಾಡಿ ಡಾಕ್ಟರೇ ಹೇಳಬೇಕು.

ಮನೆಯಲ್ಲಿ ನೀವು ಮಾಡಬಹುದಾದ ಒಂದು ಕೆಲಸವಂತೂ ಇದೆ. ದುಡ್ಡು ಖರ್ಚಿಲ್ಲ, ಒಂದು ನಿಮಿಷ ಸಾಕು. ನಾಯಿ ಗಾಢವಾಗಿ ಮಲಗಿರುವಾಗ ದೀಪ ಹಾಕದೆ ಪಕ್ಕದಲ್ಲಿ ಕೂತುಕೊಳ್ಳಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿ. ಕನಸು ಕಾಣುತ್ತಾ ಕಾಲು ಆಡಿಸುತ್ತಿದ್ದರೆ ಬಿಟ್ಟುಬಿಡಿ, ಆಮೇಲೆ ಎಣಿಸಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳದಿದ್ದರೆ ಪಕ್ಕೆಯ ಕೂದಲ ಮೇಲೆ ಬೆರಳ ತುದಿ ಇಟ್ಟು ಎಣಿಸಬಹುದು. ನಾಯಿಯಾಗಲಿ ಬೆಕ್ಕಾಗಲಿ, ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಮ್ಮಿ ಇರಬೇಕು. ಎರಡು ಮೂರು ಸಲ ಎಣಿಸಿದರೂ 30ರ ಮೇಲೇ ಬಂದರೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ. 40ರ ಮೇಲೆ ಹೋದರೆ, ವಸಡು ನೀಲಿಯಾದರೆ ಬೆಳಗಾಗುವವರೆಗೆ ಕಾಯಬೇಡಿ. ಹೃದಯದ ಔಷಧಿ ತೆಗೆದುಕೊಳ್ಳುತ್ತಿರುವ ನಾಯಿಗೆ ಇದನ್ನು ದಿನಾ ಎಣಿಸಿ ಬರೆದಿಟ್ಟರೆ, ಶ್ವಾಸಕೋಶಕ್ಕೆ ನೀರು ಸೇರತೊಡಗಿದ್ದು ಉಬ್ಬಸ ಶುರುವಾಗುವ ಮೊದಲೇ ಗೊತ್ತಾಗುತ್ತದೆ.

ಬೆಕ್ಕುಗಳು ಹೃದಯದ ಕಾಯಿಲೆಗೆ ಕೆಮ್ಮುವುದು ಅಪರೂಪ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದೆ ಅಂದರೆ ಅದು ಯಾವತ್ತಿದ್ದರೂ ತುರ್ತು. ಮುದಿ ಲ್ಯಾಬ್ರಡಾರ್‌ಗಳಲ್ಲಿ ಇನ್ನೊಂದು ಗುರುತು ನೋಡಿ. ಬೊಗಳುವ ದನಿ ಒಡೆದು ಗೊಗ್ಗರಾಗುತ್ತದೆ, ಉಸಿರೆಳೆಯುವಾಗ ಗರಗಸ ಎಳೆದ ಹಾಗೆ ಸದ್ದು ಬರುತ್ತದೆ. ಗಂಟಲ ಬಾಗಿಲು ಸರಿಯಾಗಿ ತೆರೆಯುತ್ತಿಲ್ಲ ಅಂತ ಅದರ ಅರ್ಥ. ಇಂಥ ನಾಯಿಯನ್ನು ಬಿಸಿಲಲ್ಲಿ ನಡೆಸಲೇಬಾರದು.

ಕೀಲು, ಉಗುರು, ಕಣ್ಣು

ಕೀಲು ನೋವಿನ ನಾಯಿ ಕುಂಯ್ಗುಡುವುದಿಲ್ಲ. ಕುಂಯ್ಗುಡದಿದ್ದರೆ ನೋವಿಲ್ಲ ಅಂತ ನಾವು ತಿಳಿಯುತ್ತೇವೆ. ಬೆಳಗ್ಗೆ ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಎಳೆದುಕೊಂಡು ಏಳುತ್ತದೆ, ಹತ್ತು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತದೆ. ಚಳಿಗಾಲದಲ್ಲಿ ಜಾಸ್ತಿ. ಒಂದೇ ಕೀಲನ್ನು ನೆಕ್ಕಿ ನೆಕ್ಕಿ ಕೂದಲು ಕೆಂಪಗಾಗಿರುತ್ತದೆ. ಬೆಕ್ಕಾದರೆ ಸಜ್ಜೆಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದದ್ದು ಈಗ ಮೊದಲು ಕುರ್ಚಿ, ಆಮೇಲೆ ಸಜ್ಜೆ. ಬೆನ್ನು ತಿರುಗಿಸಿ ನೆಕ್ಕಿಕೊಳ್ಳಲು ಆಗದೆ ಸೊಂಟದ ಕೂದಲು ಗಂಟುಗಂಟಾಗುತ್ತದೆ. ಓಡಾಟ ಕಮ್ಮಿಯಾಗಿ ಉಗುರು ಸವೆಯದೆ ಸುತ್ತಿ ಪಾದಕ್ಕೇ ಚುಚ್ಚುತ್ತದೆ. ಉಗುರನ್ನು ತಪ್ಪದೆ ನೋಡಿ.

ಸಿಮೆಂಟ್ ನೆಲದ ಮೇಲೆ ಹಿಂಗಾಲಿನ ಉಗುರು ಸರ್ರ್ ಅಂತ ಎಳೆದುಹೋಗುವ ಸದ್ದು ಕೇಳಿದರೆ ಅದು ಬರೀ ಕೀಲಿನದ್ದಲ್ಲ. ಪಾದ ಮಡಚಿಕೊಂಡು ನಡೆಯುತ್ತಿದೆ, ಬೆನ್ನುಹುರಿಯ ಅಥವಾ ನರದ ತೊಂದರೆ ಇರಬಹುದು. ಹಿಂಗಾಲಿನ ನಡು ಬೆರಳುಗಳ ಉಗುರು ಮೇಲ್ಭಾಗದಲ್ಲಿ ಸವೆದಿದೆಯಾ ನೋಡಿ, ಅಲ್ಲೇ ಸಾಕ್ಷಿ ಸಿಗುತ್ತದೆ.

ಟೈಲ್ಸ್, ಗ್ರಾನೈಟ್ ನೆಲ ಮುದಿ ನಾಯಿಗೆ ದೊಡ್ಡ ಕಷ್ಟ. ಓಡಾಡುವ ದಾರಿಯುದ್ದಕ್ಕೂ ಹಳೇ ಜಮಖಾನ, ಗೋಣಿಚೀಲ ಹಾಸಿದರೆ ಅದು ಮತ್ತೆ ಮನೆಯೆಲ್ಲ ತಿರುಗಾಡುವುದನ್ನು ನೋಡಬಹುದು. ತೂಕ ಇಳಿಸುವುದಕ್ಕಿಂತ ದೊಡ್ಡ ಔಷಧಿ ಕೀಲಿಗೆ ಇಲ್ಲ. ನಾಯಿ, ಬೆಕ್ಕುಗಳಿಗೇ ಅಂತ ನೋವಿನ ಔಷಧಿಗಳೂ ಇವೆ. ನಮ್ಮ ಮನೆಯ ಡಬ್ಬಿಯ ಮಾತ್ರೆ ಮಾತ್ರ ಬೇಡವೇ ಬೇಡ. ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಯನ್ನೂ ಕೆಡಿಸುತ್ತವೆ. ಪ್ರೀತಿಯಿಂದಲೇ ಕೊಡುತ್ತಾರೆ, ನೋವು ನೋಡಲಾರದೆ ಕೊಡುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಣ್ಣಿನ ವಿಷಯದಲ್ಲಿ ಒಂದು ಸಮಾಧಾನದ ಮಾತೂ ಇದೆ. ಏಳೆಂಟು ವರ್ಷ ದಾಟಿದ ನಾಯಿಯ ಕಣ್ಣಿನ ನಡುವೆ ತಿಳಿ ನೀಲಿ ಹೊಗೆ ಕಂಡರೆ ಪೊರೆ ಬಂತು ಅಂತ ಎದೆ ಒಡೆದುಕೊಳ್ಳಬೇಡಿ. ಕಣ್ಣಿನ ಮಸೂರ ಪದರ ಪದರವಾಗಿ ಬೆಳೆಯುತ್ತಾ ನಡುಭಾಗ ಒತ್ತಿಕೊಂಡು ಹಾಗೆ ಕಾಣುತ್ತದೆ. ದೃಷ್ಟಿಗೆ ದೊಡ್ಡ ತೊಂದರೆ ಇಲ್ಲ. ಪೊರೆಯಾದರೆ ಸುಣ್ಣದ ಹಾಗೆ ಬೆಳ್ಳಗೆ, ಅದರಾಚೆ ಏನೂ ಕಾಣದ ಹಾಗೆ ಇರುತ್ತದೆ. ಅನುಮಾನವಿದ್ದರೆ ಹತ್ತಿಯ ಉಂಡೆಯೊಂದನ್ನು ಅದರ ಮುಂದೆ ಮೇಲಿಂದ ಬಿಡಿ. ಹತ್ತಿಗೆ ಸದ್ದಿಲ್ಲ, ವಾಸನೆ ಇಲ್ಲ. ಕಣ್ಣು ಹಿಂಬಾಲಿಸಿದರೆ ಕಾಣುತ್ತಿದೆ ಅಂತ. ಕಣ್ಣು ಕೆಂಪಾಗಿ, ಉಬ್ಬಿ, ಮುಟ್ಟಲು ಬಿಡದಿದ್ದರೆ ಒಳಗಿನ ಒತ್ತಡ ಏರಿರಬಹುದು. ಅದೇ ದಿನ ತೋರಿಸಿದರೆ ದೃಷ್ಟಿ ಉಳಿಯಬಹುದು. ಮುದಿ ಬೆಕ್ಕು ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆಯತೊಡಗಿ, ಪಾಪೆ ಬೆಳಕಲ್ಲೂ ಅಗಲವಾಗೇ ಇದ್ದರೆ ಬಿಪಿ ಏರಿದೆಯಾ ಅಂತ ನೋಡಿಸಬೇಕು. ಕಿಡ್ನಿ ಮತ್ತು ಥೈರಾಯ್ಡ್ ಕಾಯಿಲೆಗಳ ಜೊತೆ ಅದು ಬರುತ್ತದೆ.

ಗಂಟುಗಳು

ವಾರಕ್ಕೊಮ್ಮೆ ಮೈ ತಡವಿ. ಚರ್ಮದ ಕೆಳಗೆ ಮೆತ್ತಗೆ ಜಾರಾಡುವ ಗಂಟು ಬಹಳ ಸಲ ಬರೀ ಕೊಬ್ಬು. ಆದರೆ ಕೈಯಿಂದ ಮುಟ್ಟಿ ಯಾರೂ ಖಚಿತವಾಗಿ ಹೇಳಲಾರರು. ಸೂಜಿ ಚುಚ್ಚಿ ನಾಲ್ಕು ಹನಿ ತೆಗೆದು ನೋಡಿದರೆ ಗೊತ್ತಾಗುತ್ತದೆ, ಅದಕ್ಕೆ ಅರಿವಳಿಕೆ ಕೂಡ ಬೇಕಿಲ್ಲ. ಹೆಣ್ಣು ಪ್ರಾಣಿಯ ಮೊಲೆಗಳ ಎರಡೂ ಸಾಲನ್ನು ಬೆರಳಾಡಿಸಿ ನೋಡಿ, ಒಂದು ಅವರೆಕಾಳಿನಷ್ಟು ಗಂಟು ಸಿಕ್ಕರೂ ತೋರಿಸಿ. ನಾಯಿಗಳಲ್ಲಿ ಇಂಥ ಗಂಟುಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್, ಬೆಕ್ಕುಗಳಲ್ಲಿ ಬಹುಪಾಲು ಕ್ಯಾನ್ಸರ್. ಬಿಳಿ ಬೆಕ್ಕಿನ ಕಿವಿಯ ತುದಿಯಲ್ಲಿ ವಾಸಿಯಾಗದ ಹುಣ್ಣಿದ್ದರೆ ಕಾದಾಡಿದ ಗಾಯ ಅಂತ ಬಿಡಬೇಡಿ. ನಮ್ಮ ಬಿಸಿಲಿಗೆ ಅದು ಚರ್ಮದ ಕ್ಯಾನ್ಸರ್ ಆಗಿರಬಹುದು.

ಬಾಗಿಲ ತಪ್ಪು ಪಕ್ಕ

ಮನುಷ್ಯರಿಗೆ ಬರುವ ಮರೆವಿನ ಕಾಯಿಲೆಯಂಥದ್ದೇ ಒಂದು ಮುದಿ ನಾಯಿ, ಬೆಕ್ಕುಗಳಿಗೂ ಬರುತ್ತದೆ. ನಮ್ಮ ನೆರೆಮನೆಯ ಮುದಿ ನಾಯಿ ಹೊರಗೆ ಹೋಗಬೇಕಾದಾಗ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿತ್ತು, ಆದರೆ ಚಿಲಕದ ಪಕ್ಕ ಅಲ್ಲ, ಬಾಗಿಲ ಕೀಲಿನ ಪಕ್ಕ. ಬಾಗಿಲು ತೆರೆದರೂ ಅಲ್ಲೇ ಗೋಡೆ ನೋಡುತ್ತಾ ನಿಂತಿರುತ್ತಿತ್ತು. ಎಲ್ಲಿಂದ ತೆರೆಯುತ್ತದೆ ಅನ್ನುವುದೇ ಅದಕ್ಕೆ ಮರೆತುಹೋಗಿತ್ತು. ಸೋಫಾದ ಹಿಂದೆ ಹೋಗಿ ಹಿಂದೆ ಸರಿಯಲು ತಿಳಿಯದೆ ನಿಲ್ಲುವುದು, ಹಗಲೆಲ್ಲ ಮಲಗಿ ರಾತ್ರಿ ಎರಡಕ್ಕೆ ಎದ್ದು ಕಾರಣವಿಲ್ಲದೆ ಬೊಗಳುವುದು, ಮನೆಯವರು ಬಂದರೂ ಎದ್ದು ಬರದಿರುವುದು, ಕಲಿತದ್ದೆಲ್ಲ ಮರೆತು ಮನೆಯೊಳಗೆ ಉಚ್ಚೆ ಮಾಡುವುದು ಇವು ಅದರ ಗುರುತು. ಬೈಯಬೇಡಿ, ಅದಕ್ಕೆ ಗೊತ್ತಾಗುವುದಿಲ್ಲ. ರಾತ್ರಿ ಒಂದು ಸಣ್ಣ ದೀಪ ಹಾಕಿಡಿ, ಮಂಚ ಕುರ್ಚಿಗಳ ಜಾಗ ಬದಲಿಸಬೇಡಿ, ಊಟದ ಹೊತ್ತು ತಪ್ಪಿಸಬೇಡಿ. ಔಷಧಿಯೂ ಇದೆ. ಆದರೆ ಮರೆವು ಅಂತ ತೀರ್ಮಾನಿಸುವ ಮೊದಲು ಕಿಡ್ನಿ, ಸಕ್ಕರೆ, ಕಣ್ಣು, ಕಿವಿ, ಕೀಲು ನೋವು ಯಾವುದೂ ಅಲ್ಲ ಅಂತ ನೋಡಿಸಿಕೊಳ್ಳಬೇಕು.

ನಮ್ಮಲ್ಲಿ ಇನ್ನೊಂದು ಕಾಯಿಲೆ ವಯಸ್ಸಿನ ಸೋಗು ಹಾಕಿಕೊಂಡು ಬರುತ್ತದೆ: ಉಣ್ಣೆ ಹುಳದಿಂದ ಬರುವ ಜ್ವರ. ಕೆಲವು ಕಡೆ ಉಣುಗು ಅನ್ನುತ್ತಾರೆ. ಹುಳ ಕಚ್ಚಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ ಎರ್ಲಿಕಿಯಾ ಅನ್ನುವ ರೋಗಾಣು ದೇಹದಲ್ಲಿ ಉಳಿದಿರಬಹುದು. ನಾಯಿ ಮಂಕಾಗುತ್ತದೆ, ಇಳಿದುಹೋಗುತ್ತದೆ, ವಸಡು ಬಿಳುಚಿಕೊಳ್ಳುತ್ತದೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಏಳುತ್ತವೆ, ಮೂಗಿಂದ ರಕ್ತ ಬರುತ್ತದೆ. ನೋಡಿದವರು ವಯಸ್ಸಾಯಿತು ಅನ್ನುತ್ತಾರೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆ ಇದು.

ತಡ ಮಾಡಬಾರದ ಹೊತ್ತು

ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕರಿದರೂ ಉಚ್ಚೆ ಬರದಿದ್ದರೆ ಮೂತ್ರದ ದಾರಿ ಕಟ್ಟಿದೆ, ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂರಬೇಡಿ. ದೊಡ್ಡ ನಾಯಿಯ ಹೊಟ್ಟೆ ತಮಟೆಯ ಹಾಗೆ ಉಬ್ಬಿ, ಓಕರಿಸಿದರೂ ಏನೂ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರುತ್ತದೆ, ಗಂಟೆಗಳ ಲೆಕ್ಕ. ಬೆಕ್ಕು ಕಿರುಚಿಕೊಂಡು ಹಿಂಗಾಲು ಎಳೆಯತೊಡಗಿ, ಪಾದ ತಣ್ಣಗಿದ್ದರೆ ರಕ್ತ ಹೆಪ್ಪುಗಟ್ಟಿ ಸಿಕ್ಕಿಕೊಂಡಿದೆ. ನಾಯಿ ಕುಸಿದುಬಿದ್ದು ವಸಡು ಬೆಳ್ಳಗಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ವಸಡಿನ ಮೇಲೆ ಬೆರಳೊತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೂ ಸುಮ್ನೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಅದೇ ಇನ್ನೊಂದು ಕಾಯಿಲೆಯಾಗುತ್ತದೆ.

ತಾಲ್ಲೂಕು ಊರುಗಳ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ದಿನವಿಡೀ ನೋಡುವುದು ಹಸು, ಎಮ್ಮೆ, ಕುರಿಗಳನ್ನು. ಅವರ ಹತ್ತಿರ ಹೋಗುವಾಗ ಸರಿಯಾದ ಮಾಹಿತಿ ಕೊಂಡೊಯ್ದರೆ ಅವರಿಗೂ ಸುಲಭ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಿವೆ. ಆಸ್ಪತ್ರೆಯ ಮೇಜಿನ ಮೇಲೆ ನಿಂತ ನಾಯಿ ಹೆದರಿಕೆಗೆ ಕುಂಟುವುದನ್ನೂ ಮರೆಯುತ್ತದೆ, ಕೆಮ್ಮುವುದನ್ನೂ ಮರೆಯುತ್ತದೆ. ಹಾಗಾಗಿ ಮನೆಯಲ್ಲೇ ಫೋನ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ: ಬೆಳಗ್ಗೆ ಏಳುವಾಗಿನದು, ರಾತ್ರಿ ಕೆಮ್ಮಿದ್ದು, ಮ್ಯಾಟ್ ಮೇಲೆ ಮಲಗಿ ಉಸಿರಾಡುವಾಗಿನದು. ನೀರಿನ ಅಳತೆ, ತೂಕ, ಉಸಿರಿನ ಲೆಕ್ಕ ಬರೆದ ಕ್ಯಾಲೆಂಡರ್ ಹಾಳೆಯ ಫೋಟೋ ಕೂಡ. ‘ಎಷ್ಟು ಲೀಟರ್?’ ಅಂತ ಡಾಕ್ಟರ್ ಕೇಳುವ ಮೊದಲೇ ಅದನ್ನು ಅವರ ಕೈಗೆ ಕೊಡಿ.